ಲೋಹವಿಲ್ಲದ ಕವಾಟ: ಎರಡು ಹೊಡೆತದ ಎಂಜಿನ್ನಿನಲ್ಲಿ ಕಿಂಡಿ ಮತ್ತು ಹೊಗೆಕೊಳವೆಗಳ ಹೊಂದಾಣಿಕೆ

ಹೊಗೆಕೊಳವೆಯೆಂದರೆ ಉರಿದು ಮುಗಿದ ಅನಿಲವನ್ನು ಹೊರಕ್ಕೆ ಸಾಗಿಸುವ ಒಂದು ಹಾದಿ. ಎಂಜಿನ್ನಿನ ಕೆಲಸವೆಲ್ಲ ತೀರಿದ ಮೇಲೆ ಅದರ ಕೆಲಸ ಮೊದಲಾಗುತ್ತದೆ. ಹೀಗೆಂಬುದು ಜನಸಾಮಾನ್ಯರ ತಿಳಿವಳಿಕೆ. ನಾಲ್ಕು ಹೊಡೆತದ ಎಂಜಿನ್ನಿನ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ನಡೆದೀತು. ಎರಡು ಹೊಡೆತದ ಎಂಜಿನ್ನಿನ ವಿಷಯದಲ್ಲಿ ಮಾತ್ರ ಇದು ಪೂರ್ಣ ತಪ್ಪು. ಅಲ್ಲಿ ಹೊಗೆಕೊಳವೆಯು ಎಂಜಿನ್ನಿನದೇ ಒಂದು ಅಂಗ. ಆ ಕೊಳವೆಯೊಳಗೆ ಹೋಗಿ ಮರಳಿ ಬರುವ ಒತ್ತಡದ ಅಲೆಯೊಂದು ಲೋಹದ ಕವಾಟ ಮಾಡಬೇಕಾದ ಕೆಲಸವನ್ನು ಮಾಡುತ್ತದೆ: ಉರಿದದ್ದನ್ನು ಸೆಳೆದು ಹೊರಹಾಕುತ್ತದೆ, ಹೊರಗೆ ಚೆಲ್ಲಿದ ಹೊಸ ಮಿಶ್ರಣವನ್ನು ಮರಳಿ ಒಳಕ್ಕೆ ದೂಡುತ್ತದೆ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳೂ ಕೊಳವೆಯ ಉದ್ದ, ಅಗಲ, ಇಳುಕಲುಗಳೂ ಒಂದಕ್ಕೊಂದು ಲೆಕ್ಕದಿಂದ ಹೊಂದಿದ್ದಾಗ ಮಾತ್ರ ಈ ಕೆಲಸ ಸಾಧ್ಯ. ಒಂದನ್ನು ಬಿಟ್ಟು ಇನ್ನೊಂದನ್ನು ತಿದ್ದಿದವರು ಎರಡನ್ನೂ ಕೆಡಿಸುತ್ತಾರೆ. ಈ ತತ್ತ್ವವನ್ನೂ ಅದು ಬೆಳೆದು ಬಂದ ಬಗೆಯನ್ನೂ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಎಂಜಿನ್ನಿನ ರಚನೆ

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಹೀರುವುದು, ಒತ್ತುವುದು, ಉರಿಯುವುದು, ಹೊರಹಾಕುವುದು ಎಂಬ ನಾಲ್ಕು ಕ್ರಿಯೆಗಳಿಗೆ ಪಿಸ್ಟನ್ನಿನ ನಾಲ್ಕು ಪ್ರತ್ಯೇಕ ಚಲನೆಗಳಿವೆ. ಎರಡು ಹೊಡೆತದ ಎಂಜಿನ್ನು ಇಷ್ಟನ್ನೂ ಒಂದು ಮೇಲ್ಚಲನೆ, ಒಂದು ಕೆಳಚಲನೆಗಳಲ್ಲಿ ಮುಗಿಸುತ್ತದೆ. ಆದ್ದರಿಂದ ಅದರಲ್ಲಿ ಪ್ರತಿಯೊಂದು ಸುತ್ತಿಗೂ ಒಂದು ಉರಿತ. ಸ್ಕಾಟ್ಲೆಂಡಿನ ಡುಗಾಲ್ಡ್ ಕ್ಲರ್ಕ್ ಎಂಬ ಎಂಜಿನಿಯರರು 1878ರಲ್ಲಿ ಇಂತಹ ಎಂಜಿನ್ನನ್ನು ರಚಿಸಿದರು. ಹೊಸ ಮಿಶ್ರಣವನ್ನು ತುಂಬಲು ಅದಕ್ಕೆ ಬೇರೊಂದು ಪಂಪು ಬೇಕಾಗುತ್ತಿತ್ತು. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಅವರು 1891ರ ವೇಳೆಗೆ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಪೆಟ್ಟಿಗೆಯನ್ನೇ ಪಂಪಾಗಿ ಬಳಸುವ ಉಪಾಯವನ್ನು ಕಂಡುಹಿಡಿದರು. ಮರುವರ್ಷ ಅವರ ಸಹಾಯಕ ಫ್ರೆಡರಿಕ್ ಕಾಕ್ ಅವರು ಉಳಿದಿದ್ದ ಪ್ರವೇಶ ಕವಾಟವನ್ನೂ ತೆಗೆದುಹಾಕಿ, ಗೋಡೆಯ ಕಿಂಡಿಯನ್ನು ಪಿಸ್ಟನ್ನಿನ ಅಂಚಿನಿಂದಲೇ ಮುಚ್ಚಿ ತೆರೆಯುವಂತೆ ಮಾಡಿದರು.

ಇಂತು ಮೂರು ಬಗೆಯ ಕಿಂಡಿಗಳುಳ್ಳ, ಕವಾಟವೇ ಇಲ್ಲದ ಎಂಜಿನ್ನು ಹುಟ್ಟಿತು. ಪ್ರವೇಶ ಕಿಂಡಿಯಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಕ್ರ್ಯಾಂಕ್ ಪೆಟ್ಟಿಗೆಗೆ ಬರುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಆ ಮಿಶ್ರಣ ಒತ್ತಲ್ಪಟ್ಟು ವರ್ಗಾವಣೆ ಕಿಂಡಿಗಳ ಮೂಲಕ ಪಿಸ್ಟನ್ನಿನ ಮೇಲ್ಭಾಗಕ್ಕೆ ಏರುತ್ತದೆ. ಅದಕ್ಕೆ ಸ್ವಲ್ಪ ಮೊದಲೇ ತೆರೆದುಕೊಂಡ ನಿಷ್ಕಾಸ ಕಿಂಡಿಯಿಂದ ಉರಿದ ಅನಿಲ ಹೊರಗೆ ನುಗ್ಗುತ್ತಿರುತ್ತದೆ.

ಇಲ್ಲಿಯೇ ಈ ಎಂಜಿನ್ನಿನ ಹುಟ್ಟುದೋಷ ಅಡಗಿದೆ. ಹೊಸತು ಒಳಬರುವ ಬಾಗಿಲೂ ಹಳತು ಹೊರಹೋಗುವ ಬಾಗಿಲೂ ಏಕಕಾಲಕ್ಕೆ ತೆರೆದಿರುತ್ತವೆ. ನಿಷ್ಕಾಸ ಕಿಂಡಿ ಮೇಲಿರುವುದರಿಂದ ಮೊದಲು ತೆರೆಯುವುದೂ ಅದೇ, ಕಡೆಯಲ್ಲಿ ಮುಚ್ಚುವುದೂ ಅದೇ. ವರ್ಗಾವಣೆ ಕಿಂಡಿ ಮುಚ್ಚಿದ ಬಳಿಕವೂ ಕೆಲಕಾಲ ನಿಷ್ಕಾಸದ ಬಾಗಿಲು ತೆರೆದೇ ಇರುವುದರಿಂದ, ಒಳಬಂದ ಅತಿಥಿ ಹಿಂಬಾಗಿಲಿನಿಂದ ಹೊರನಡೆದಂತೆ ಹೊಸ ಮಿಶ್ರಣದ ಒಂದಂಶ ಉರಿಯದೆಯೇ ಹೊರಬೀಳುತ್ತದೆ. ಜರ್ಮನಿಯ ಅಡಾಲ್ಫ್ ಶ್ನ್ಯೂರ್ಲೆ ಅವರು 1920ರ ದಶಕದಲ್ಲಿ ರೂಪಿಸಿದ ವಿಧಾನವು ಈ ದೋಷವನ್ನು ತಗ್ಗಿಸಿತು. ನಿಷ್ಕಾಸ ಕಿಂಡಿಯ ಎರಡು ಮಗ್ಗುಲಲ್ಲಿ ವರ್ಗಾವಣೆ ಕಿಂಡಿಗಳನ್ನಿರಿಸಿ, ಅವುಗಳ ಧಾರೆಗಳು ಎದುರು ಗೋಡೆಯತ್ತ ಸಾಗಿ, ಮೇಲೇರಿ, ಕುಣಿಕೆಯಂತೆ ತಿರುಗಿ ಬರುವಂತೆ ಅವರು ಏರ್ಪಡಿಸಿದರು. ಅದುವರೆಗೆ ಧಾರೆಯನ್ನು ಮೇಲಕ್ಕೆ ತಿರುಗಿಸಲು ಪಿಸ್ಟನ್ನಿನ ತಲೆಯ ಮೇಲೆ ಇರುತ್ತಿದ್ದ ದಿಣ್ಣೆ ಅನಾವಶ್ಯಕವಾಯಿತು. ಆದರೂ ಸೋರುವಿಕೆ ಪೂರ್ತಿ ನಿಲ್ಲಲಿಲ್ಲ.

ಕಿಂಡಿಯೆಂಬ ಗಡಿಯಾರ

ಕವಾಟವಿಲ್ಲದ ಈ ಎಂಜಿನ್ನಿನಲ್ಲಿ ಕಾಲವನ್ನು ನಿರ್ಧರಿಸುವುದು ಕಿಂಡಿಯ ಎತ್ತರ. ಈ ಸಂಬಂಧವನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಿಕೊಳ್ಳಬಹುದು. 50 ಮಿ.ಮೀ. ವ್ಯಾಸ, 50 ಮಿ.ಮೀ. ಹೊಡೆತ ಉಳ್ಳ ಸಿಲಿಂಡರನ್ನು ತೆಗೆದುಕೊಳ್ಳೋಣ. 1985ರಿಂದ 1996ರವರೆಗೆ ಭಾರತದಲ್ಲಿ ತಯಾರಾಗಿ, ಇಂದಿಗೂ ಅನೇಕರು ಜೋಪಾನ ಮಾಡಿಕೊಂಡು ಬಂದಿರುವ ಯಮಾಹಾ ಆರ್.ಎಕ್ಸ್. 100 ಮೋಟಾರು ಸೈಕಲ್ಲಿನ ಸಿಲಿಂಡರಿನ ಅಳತೆಯೂ ಇದೇ. ಕನೆಕ್ಟಿಂಗ್ ರಾಡಿನ ಉದ್ದ 100 ಮಿ.ಮೀ. ಎಂದಿಟ್ಟುಕೊಳ್ಳೋಣ. ರಾಡಿನ ಈ ಉದ್ದವೂ ಮುಂದೆ ಹೇಳುವ ಕಿಂಡಿಗಳ ಅಳತೆಯೂ ಪಾಠದ ಅನುಕೂಲಕ್ಕಾಗಿ ಆರಿಸಿಕೊಂಡವು; ಆ ವಾಹನದವಲ್ಲ.

ಪಿಸ್ಟನ್ನು ತನ್ನ ಮೇಲಿನ ತುದಿಯಿಂದ ಹೊರಟು ಕ್ರ್ಯಾಂಕು 100 ಡಿಗ್ರಿ ತಿರುಗುವಷ್ಟರಲ್ಲಿ 32.4 ಮಿ.ಮೀ. ಇಳಿದಿರುತ್ತದೆ. ನಿಷ್ಕಾಸ ಕಿಂಡಿಯ ಮೇಲಂಚು ಅಲ್ಲಿಯೇ ಇದ್ದರೆ, ಕಿಂಡಿ ಆ ಗಳಿಗೆಯಲ್ಲಿ ತೆರೆಯತೊಡಗಿ, 260 ಡಿಗ್ರಿಗೆ ಪಿಸ್ಟನ್ ಮರಳಿ ಬಂದಾಗ ಮುಚ್ಚುತ್ತದೆ. ಅಂದರೆ ಒಟ್ಟು 160 ಡಿಗ್ರಿಗಳ ಕಾಲ ತೆರೆದಿರುತ್ತದೆ. ವರ್ಗಾವಣೆ ಕಿಂಡಿಯ ಮೇಲಂಚು 39.9 ಮಿ.ಮೀ. ಕೆಳಗಿದ್ದರೆ ಅದು 120 ಡಿಗ್ರಿಗೆ ತೆರೆದು 240 ಡಿಗ್ರಿಗೆ ಮುಚ್ಚುತ್ತದೆ. ಎರಡೂ ತೆರೆಯುವುದರ ನಡುವಣ ಅಂತರ 20 ಡಿಗ್ರಿ. ಈ ಅಂತರದಲ್ಲಿ ಸಿಲಿಂಡರಿನ ಒತ್ತಡ ಇಳಿದುಹೋಗಬೇಕು. ಇಳಿಯದಿದ್ದರೆ ಉರಿದ ಅನಿಲವೇ ವರ್ಗಾವಣೆಯ ಹಾದಿಯಲ್ಲಿ ಕೆಳಕ್ಕೆ ನುಗ್ಗಿ ಹೊಸ ಮಿಶ್ರಣವನ್ನು ಕೆಡಿಸುತ್ತದೆ.

ಎಂಜಿನ್ನು ನಿಮಿಷಕ್ಕೆ 7500 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ ಸೆಕೆಂಡಿನ ಸಾವಿರದ ಎಂಟು ಭಾಗ, ಎಂದರೆ 8 ಮಿಲಿಸೆಕೆಂಡು ಹಿಡಿಯುತ್ತದೆ. ಆಗ ನಿಷ್ಕಾಸ ಕಿಂಡಿ ತೆರೆದಿರುವ ಕಾಲ 3.56 ಮಿಲಿಸೆಕೆಂಡು, ವರ್ಗಾವಣೆ ಕಿಂಡಿಗೆ 2.67, ಒತ್ತಡ ಇಳಿಯಲು ದೊರೆಯುವ ಬಿಡುವು 0.44 ಮಿಲಿಸೆಕೆಂಡು ಮಾತ್ರ. ವೇಗ ಹೆಚ್ಚಿದಂತೆ ಈ ಕಾಲ ಇನ್ನೂ ಕುಗ್ಗುತ್ತದೆ. ಆದುದರಿಂದ ಹೆಚ್ಚು ವೇಗದ ಎಂಜಿನ್ನಿಗೆ ಹೆಚ್ಚು ಎತ್ತರದ ಕಿಂಡಿಗಳು ಬೇಕು. ಸಾಧಾರಣ ವಾಹನಗಳಲ್ಲಿ ನಿಷ್ಕಾಸದ ಅವಧಿ 140ರಿಂದ 165 ಡಿಗ್ರಿಗಳ ಆಸುಪಾಸಿನಲ್ಲಿದ್ದರೆ, ಪಂದ್ಯದ ವಾಹನಗಳಲ್ಲಿ ಅದು 190 ಡಿಗ್ರಿಗೂ ಮೇಲೇರುವುದುಂಟು.

ಆದರೆ ಎತ್ತರಿಸಿದ ಪ್ರತಿ ಮಿಲಿಮೀಟರಿಗೂ ಬೆಲೆ ತೆರಬೇಕು. ಮೇಲಿನ ಉದಾಹರಣೆಯಲ್ಲಿ ನಿಷ್ಕಾಸ ಕಿಂಡಿಯ ಮೇಲಂಚನ್ನು ಅರದಿಂದ ಸುಮಾರು 2 ಮಿ.ಮೀ. ತೇಯ್ದರೆ ಅವಧಿಯು 160ರಿಂದ 170 ಡಿಗ್ರಿಗೆ ಏರುತ್ತದೆ. ಒಡನೆಯೇ ಮಿಶ್ರಣವನ್ನು ಒತ್ತಲು ಉಳಿಯುವ ದೂರ 32.4ರಿಂದ 30.3 ಮಿ.ಮೀ.ಗೆ ಇಳಿಯುತ್ತದೆ, ಉರಿದ ಅನಿಲ ಪಿಸ್ಟನ್ನನ್ನು ದೂಡುವ ದೂರವೂ ಅಷ್ಟೇ ಕುಗ್ಗುತ್ತದೆ. ಮೇಲಿನ ವೇಗದಲ್ಲಿ ದೊರೆತ ಲಾಭ ಕೆಳಗಿನ ವೇಗದಲ್ಲಿ ನಷ್ಟವಾಗಿ ಪರಿಣಮಿಸುತ್ತದೆ. ತೇಯ್ದ ಲೋಹವನ್ನು ಮರಳಿ ಅಂಟಿಸಲು ಬಾರದು ಎಂಬುದನ್ನು ಅರ ಹಿಡಿದ ಕೈ ಮೊದಲೇ ನೆನೆಯಬೇಕು.

ಅಲೆಯ ಹೋಗುಬರವು

ಇನ್ನು ಹೊಗೆಕೊಳವೆಯ ವಿಷಯ. ನಿಷ್ಕಾಸ ಕಿಂಡಿ ತೆರೆದೊಡನೆ ಅಧಿಕ ಒತ್ತಡದ ಅನಿಲವು ಕೊಳವೆಯ ಬಾಯಿಗೆ ಅಪ್ಪಳಿಸಿ ಒಂದು ಅಲೆಯನ್ನು ಎಬ್ಬಿಸುತ್ತದೆ. ಅಲೆಯ ಚಲನೆ ಬೇರೆ, ಅನಿಲದ ಚಲನೆ ಬೇರೆ. ಗಾಳಿಗೆ ಬಾಗುವ ಜೋಳದ ಹೊಲದಲ್ಲಿ ತೆನೆಗಳು ನಿಂತಲ್ಲೇ ನಿಂತಿದ್ದರೂ ಅಲೆಯು ಬದುವಿನಿಂದ ಬದುವಿಗೆ ಓಡುವಂತೆ, ಒತ್ತಡದ ಅಲೆಯು ಅನಿಲಕ್ಕಿಂತ ಬಹಳ ಮುಂದಾಗಿ ಶಬ್ದದ ವೇಗದಲ್ಲಿ ಓಡುತ್ತದೆ. ಸಾಧಾರಣ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಅನಿಲ ಬಿಸಿಯಾದಂತೆ ವೇಗ ಹೆಚ್ಚುತ್ತದೆ. 350 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಸುಮಾರು 500 ಮೀಟರು.

ಕೊಳವೆಯ ಗಾತ್ರ ಬದಲಾದಲ್ಲೆಲ್ಲ ಅಲೆಯ ಒಂದಂಶ ಹಿಂದಿರುಗುತ್ತದೆ. ಮುಚ್ಚಿದ ಅಥವಾ ಕಿರಿದಾಗುವ ತುದಿಯಿಂದ ಒತ್ತಡವು ಒತ್ತಡವಾಗಿಯೇ ಮರಳುತ್ತದೆ. ತೆರೆದ ಅಥವಾ ಅಗಲವಾಗುವ ತುದಿಯಿಂದ ಅದು ತಿರುವುಮುರುವಾಗಿ, ಎಂದರೆ ಸೆಳೆತವಾಗಿ, ಮರಳುತ್ತದೆ. ತರಗತಿಯಲ್ಲಿ ಇದನ್ನು ಒಂದು ಹಗ್ಗದಿಂದ ತೋರಿಸಬಹುದು. ಹಗ್ಗದ ತುದಿಯನ್ನು ಗೂಟಕ್ಕೆ ಬಿಗಿದು ಈಚೆಯಿಂದ ಮೇಲ್ಮುಖವಾಗಿ ಒಮ್ಮೆ ಒದರಿದರೆ, ಉಬ್ಬು ಗೂಟದವರೆಗೆ ಹೋಗಿ ತಗ್ಗಾಗಿ ಹಿಂದಿರುಗುತ್ತದೆ. ಅದೇ ತುದಿಗೆ ಕಂಬದ ಮೇಲೆ ಸಲೀಸಾಗಿ ಜಾರುವ ಬಳೆಯೊಂದನ್ನು ಕಟ್ಟಿದರೆ ಉಬ್ಬು ಉಬ್ಬಾಗಿಯೇ ಮರಳುತ್ತದೆ. ಹಗ್ಗಕ್ಕೆ ಬಿಗಿದ ತುದಿ ಹೇಗೋ ಒತ್ತಡದ ಅಲೆಗೆ ತೆರೆದ ತುದಿ ಹಾಗೆ. ಹಗ್ಗಕ್ಕೆ ಸಡಿಲ ತುದಿ ಹೇಗೋ ಒತ್ತಡದ ಅಲೆಗೆ ಮುಚ್ಚಿದ ತುದಿ ಹಾಗೆ.

ಎರಡು ಹೊಡೆತದ ಎಂಜಿನ್ನಿಗೆ ಈ ಎರಡು ಬಗೆಯ ಮರಳಿಕೆಗಳೂ ಬೇಕು. ಆದರೆ ಬೇರೆಬೇರೆ ಗಳಿಗೆಯಲ್ಲಿ. ವರ್ಗಾವಣೆ ಕಿಂಡಿ ತೆರೆದಿರುವಾಗ ನಿಷ್ಕಾಸ ಕಿಂಡಿಯ ಬಳಿ ಸೆಳೆತವಿರಬೇಕು. ಆಗ ಉರಿದ ಅನಿಲ ಹೊರಟುಹೋಗಿ ಹೊಸ ಮಿಶ್ರಣ ತುಂಬುವುದು ಸುಲಭವಾಗುತ್ತದೆ. ವರ್ಗಾವಣೆ ಕಿಂಡಿ ಮುಚ್ಚಿ, ನಿಷ್ಕಾಸ ಕಿಂಡಿ ಇನ್ನೂ ಮುಚ್ಚದಿರುವ ಅಲ್ಪಾವಧಿಯಲ್ಲಿ ಅಲ್ಲಿ ಒತ್ತಡವಿರಬೇಕು. ಆಗ ಕೊಳವೆಗೆ ಚೆಲ್ಲಿದ ಹೊಸ ಮಿಶ್ರಣ ಮರಳಿ ಸಿಲಿಂಡರು ಸೇರುತ್ತದೆ.

ವಿಸ್ತರಣ ಕೋಶದ ಅಂಗಗಳು

ಈ ಎರಡು ಅಗತ್ಯಗಳನ್ನೂ ಪೂರೈಸುವ ಕೊಳವೆಗೆ ವಿಸ್ತರಣ ಕೋಶವೆಂದು ಹೆಸರು. ಸಿಲಿಂಡರಿನಿಂದ ಹೊರಟ ಮೊದಲ ತುಂಡು ಬಹುಮಟ್ಟಿಗೆ ಸಮಗಾತ್ರದ ಕೊಳವೆ. ಅದರ ಮುಂದೆ ಓಲಗದ ಬಾಯಿಯಂತೆ ಕ್ರಮೇಣ ಅಗಲವಾಗುವ ಶಂಕು; ಇದು ಹೋಗುವ ಅಲೆಯಿಂದ ಸೆಳೆತವನ್ನು ಹುಟ್ಟಿಸಿ ಹಿಂದಕ್ಕೆ ಕಳುಹಿಸುತ್ತದೆ. ಶಂಕು ಉದ್ದವಾಗಿರುವುದರಿಂದ ಸೆಳೆತವು ಥಟ್ಟನೆ ಬಂದು ಹೋಗದೆ ಸ್ವಲ್ಪ ಕಾಲ ನಿಲ್ಲುತ್ತದೆ. ಅದಾದ ಮೇಲೆ ನಡುವಿನ ಹೊಟ್ಟೆ. ಅದರಾಚೆ ತೀಕ್ಷ್ಣವಾಗಿ ಕಿರಿದಾಗುವ ಹಿಂದಿನ ಶಂಕು. ಒತ್ತಡವನ್ನು ಒತ್ತಡವಾಗಿಯೇ ಹಿಂದಿರುಗಿಸುವುದು ಇದರ ಕೆಲಸ. ಕಡೆಯಲ್ಲಿ ಸಣ್ಣ ಬಾಲದ ಕೊಳವೆ. ಇದರ ವ್ಯಾಸ ಮೊದಲ ಕೊಳವೆಯ ವ್ಯಾಸದ ಸುಮಾರು ಐದರಲ್ಲಿ ಮೂರು ಪಾಲು ಇರುವುದು ವಾಡಿಕೆ. ಇದು ತೀರ ಕಿರಿದಾದರೆ ಶಾಖ ಒಳಗೇ ನಿಂತು ಪಿಸ್ಟನ್ನಿಗೆ ತೂತು ಬೀಳುತ್ತದೆ. ತೀರ ಅಗಲವಾದರೆ ಒತ್ತಡ ನಿಲ್ಲದೆ ಅಲೆ ಬಲಗುಂದುತ್ತದೆ.

ಕೊಳವೆಯ ಉದ್ದದ ಲೆಕ್ಕ ಸರಳ. ಕಿಂಡಿ ತೆರೆದಾಗ ಹೊರಟ ಅಲೆಯು ಹಿಂದಿನ ಶಂಕುವಿನ ನಡುಭಾಗದವರೆಗೆ ಹೋಗಿ, ಕಿಂಡಿ ಮುಚ್ಚುವಷ್ಟರಲ್ಲಿ ಮರಳಿ ಬರಬೇಕು. ಆ ದೂರವನ್ನು ಮೀಟರುಗಳಲ್ಲಿ ಹೀಗೆ ಪಡೆಯಬಹುದು:

ಉದ್ದ = ಅಲೆಯ ವೇಗ × ನಿಷ್ಕಾಸದ ಅವಧಿಯ ಡಿಗ್ರಿ ÷ (12 × ನಿಮಿಷದ ಸುತ್ತುಗಳು)

ವೇಗ 500 ಮೀಟರು, ಅವಧಿ 160 ಡಿಗ್ರಿ, ಸುತ್ತು 7500 ಆದಾಗ ಉದ್ದ 0.889 ಮೀಟರು, ಎಂದರೆ ಸುಮಾರು 89 ಸೆಂ.ಮೀ. ಅಲೆಗೆ ಅಗಲವುಂಟು, ಶಂಕುವಿಗೆ ಉದ್ದವುಂಟು. ಆದ್ದರಿಂದ ಮರಳುವ ಒತ್ತಡ ಒಂದೇ ಬಿಂದುವಿನಲ್ಲಿ ಬಾರದೆ, ಕಿಂಡಿ ಮುಚ್ಚುವುದಕ್ಕೆ ಮೊದಲೇ ತಲಪತೊಡಗುತ್ತದೆ. ಹೀಗಾಗಿ ಈ ಸರಳ ಲೆಕ್ಕವು ಕೆಲಸ ಆರಂಭಿಸಲು ಸಾಕಾಗುತ್ತದೆ. ಕಡೆಯ ಅಳತೆಯನ್ನು ಪರೀಕ್ಷೆಯಿಂದಲೇ ನಿರ್ಧರಿಸಬೇಕು.

ಇದೇ ಕೊಳವೆಯಿರುವ ಎಂಜಿನ್ನು 5000 ಸುತ್ತಿನಲ್ಲಿ ನಡೆದರೆ ಏನಾದೀತು? ಅಲೆಗೆ ಹೋಗಿ ಬರಲು ಹಿಡಿಯುವುದು ಅದೇ 3.56 ಮಿಲಿಸೆಕೆಂಡು. ಆದರೆ ಅಷ್ಟರಲ್ಲಿ ನಿಧಾನವಾಗಿರುವ ಕ್ರ್ಯಾಂಕು 107 ಡಿಗ್ರಿ ಮಾತ್ರ ತಿರುಗಿರುತ್ತದೆ. ಅಲೆಯು 207 ಡಿಗ್ರಿಯಲ್ಲಿ, ವರ್ಗಾವಣೆ ಕಿಂಡಿ ಇನ್ನೂ ತೆರೆದಿರುವಾಗಲೇ ಬಂದು, ಒಳಬರುತ್ತಿರುವ ಮಿಶ್ರಣಕ್ಕೆ ಅಡ್ಡ ನಿಲ್ಲುತ್ತದೆ. 9000 ಸುತ್ತಿನಲ್ಲಾದರೋ ಅಷ್ಟೇ ಕಾಲದಲ್ಲಿ ಕ್ರ್ಯಾಂಕು 192 ಡಿಗ್ರಿ ತಿರುಗಿ, ನಿಷ್ಕಾಸ ಕಿಂಡಿ ಎಂದೋ ಮುಚ್ಚಿರುತ್ತದೆ; ಅಲೆಯು ಮುಚ್ಚಿದ ಬಾಗಿಲಿಗೆ ಬಡಿಯುತ್ತದೆ. ಉಯ್ಯಾಲೆಯನ್ನು ತೂಗುವವನು ಹದವರಿತು ಕೈಕೊಟ್ಟರೆ ಅದು ಏರುತ್ತದೆ, ಹದ ತಪ್ಪಿದರೆ ನಿಲ್ಲುತ್ತದೆ, ಇಲ್ಲಿಯೂ ಹಾಗೆಯೇ. ಪಂದ್ಯದ ಎಂಜಿನ್ನುಗಳು ಕಿರಿದಾದ ಒಂದು ವೇಗದ ಪಟ್ಟಿಯಲ್ಲಿ ಮಾತ್ರ ಅಬ್ಬರಿಸಿ, ಅದರ ಕೆಳಗೆ ಮಂಕಾಗುವುದಕ್ಕೆ ಇದೇ ಕಾರಣ.

ಕಿಂಡಿಯನ್ನು 2 ಮಿ.ಮೀ. ತೇಯ್ದು ಅವಧಿಯನ್ನು 170 ಡಿಗ್ರಿ ಮಾಡಿಕೊಂಡವರಿಗೆ ಅದೇ ಕೊಳವೆಯು ಈಗ 7500ರ ಬದಲು ಸುಮಾರು 8000 ಸುತ್ತಿಗೆ ಹೊಂದುತ್ತದೆ. ಇದು ಅವರು ಬಯಸಿದ್ದಾಗಿದ್ದರೆ ಸರಿ. ಅಲ್ಲವಾದರೆ ಕೊಳವೆಯನ್ನು ಮತ್ತೆ ಅಳೆಯಲೇಬೇಕು. ಉಷ್ಣತೆಯ ಪ್ರಭಾವವೂ ಕಡಮೆಯಲ್ಲ. ತಣ್ಣಗಿರುವ ಕೊಳವೆಯಲ್ಲಿ ಅಲೆ ನಿಧಾನವಾಗುತ್ತದೆ. ಆದ್ದರಿಂದ ಕೊಳವೆ ಕಾಯುವವರೆಗೆ ಎಂಜಿನ್ನು ತನ್ನ ಪೂರ್ಣಶಕ್ತಿಯನ್ನು ತೋರುವುದಿಲ್ಲ.

ಚೋಪಾವ್ ಕಾರ್ಖಾನೆಯ ಸಾಧನೆ

ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದ ಕೀರ್ತಿ ಪೂರ್ವ ಜರ್ಮನಿಯ ಒಂದು ಸಣ್ಣ ಊರಿಗೆ ಸಲ್ಲುತ್ತದೆ. ಸ್ಯಾಕ್ಸನಿ ಪ್ರಾಂತದ ಚೋಪಾವ್‌ನಲ್ಲಿ ಯುದ್ಧಕ್ಕೆ ಮೊದಲು ಡಿ.ಕೆ.ಡಬ್ಲ್ಯೂ. ಮೋಟಾರು ಸೈಕಲ್ ಕಾರ್ಖಾನೆಯಿತ್ತು. ಶ್ನ್ಯೂರ್ಲೆ ವಿಧಾನವನ್ನು ಬಳಕೆಗೆ ತಂದು ಹರಡಿದ್ದು ಅದೇ ಸಂಸ್ಥೆ. ಎರಡನೆಯ ಮಹಾಯುದ್ಧದ ನಂತರ ದೇಶ ಎರಡಾದಾಗ ಡಿ.ಕೆ.ಡಬ್ಲ್ಯೂ. ಹೆಸರು ಪಶ್ಚಿಮಕ್ಕೆ ಹೋಯಿತು. ಪೂರ್ವದಲ್ಲಿ ಉಳಿದ ಕಾರ್ಖಾನೆ 1956ರಿಂದ ಎಂ.ಜೆಡ್. ಎನಿಸಿಕೊಂಡಿತು. 1950ರ ದಶಕದ ಆರಂಭದಲ್ಲಿ ಪಶ್ಚಿಮದ ಡಿ.ಕೆ.ಡಬ್ಲ್ಯೂ. ಸಂಸ್ಥೆಯ ಎರಿಕ್ ವೋಲ್ಫ್ ಅವರು ತಮ್ಮ ಪಂದ್ಯದ ವಾಹನಗಳಿಗೆ ಉಬ್ಬು ಹೊಟ್ಟೆಯ ಹೊಗೆಕೊಳವೆಯನ್ನು ಜೋಡಿಸಿದ್ದರು. ಅದರ ಗುಟ್ಟನ್ನು ಬಿಡಿಸಿ ಶಾಸ್ತ್ರವನ್ನಾಗಿ ಮಾಡಿದವರು ಚೋಪಾವ್‌ನ ವಾಲ್ಟರ್ ಕಾಡೆನ್.

1919ರಲ್ಲಿ ಸ್ಯಾಕ್ಸನಿಯಲ್ಲೇ ಜನಿಸಿದ ಕಾಡೆನ್ ಅವರು ಯುದ್ಧಕಾಲದಲ್ಲಿ ಹೆನ್ಷೆಲ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ, 1950ರ ದಶಕದ ಆದಿಯಲ್ಲಿ ಚೋಪಾವ್‌ನ ಪಂದ್ಯ ವಿಭಾಗದ ಹೊಣೆ ಹೊತ್ತರು. ಕೊಳವೆಯೊಳಗಿನ ಒತ್ತಡದ ಏರಿಳಿತವನ್ನು ಆಸಿಲೋಸ್ಕೋಪ್ ಯಂತ್ರದ ತೆರೆಯ ಮೇಲೆ ಗೆರೆಯಾಗಿ ಕಂಡು, ಅದಕ್ಕೆ ತಕ್ಕಂತೆ ಶಂಕುಗಳನ್ನು ತಿದ್ದುವುದು ಅವರ ಕ್ರಮ. ಡೇನಿಯಲ್ ಜಿಮ್ಮರ್‌ಮನ್ ಎಂಬ ಖಾಸಗಿ ಸ್ಪರ್ಧಿಯ ಎಂಜಿನ್ನಿನಲ್ಲಿ ಕಂಡ, ಪ್ರವೇಶದ ಹಾದಿಯನ್ನು ತಿರುಗುವ ತಟ್ಟೆಯಿಂದ ಮುಚ್ಚಿ ತೆರೆಯುವ ಉಪಾಯವನ್ನು ಅವರು ತಮ್ಮದಕ್ಕೆ ಅಳವಡಿಸಿಕೊಂಡರು. ಪಿಸ್ಟನ್ನಿನಿಂದ ನಿಯಂತ್ರಿತವಾದ ಕಿಂಡಿ ಎಷ್ಟು ಮೊದಲು ತೆರೆಯುತ್ತದೆಯೋ ಅಷ್ಟೇ ತಡವಾಗಿ ಮುಚ್ಚಲೇಬೇಕು. ತಟ್ಟೆಗೆ ಆ ನಿರ್ಬಂಧವಿಲ್ಲ. ನಿಷ್ಕಾಸ ಕಿಂಡಿಗೆ ಎದುರಾಗಿ ಮೂರನೆಯದೊಂದು ವರ್ಗಾವಣೆ ಕಿಂಡಿಯನ್ನು ತೆರೆದು, ಪಿಸ್ಟನ್ನಿನ ತಲೆಯಡಿಯ ಶಾಖವನ್ನು ಹೊಸ ಮಿಶ್ರಣದಿಂದಲೇ ತಣಿಸಿದರು. ತಟ್ಟೆ, ಕಿಂಡಿ, ಕೋಶ ಎಂಬ ಈ ಮೂರೂ ಒಂದಕ್ಕೊಂದು ಒದಗಿ ಬಂದಾಗ, 1961ರಲ್ಲಿ ಅವರ 125 ಘನ ಸೆಂ.ಮೀ. ಎಂಜಿನ್ನು ನಿಮಿಷಕ್ಕೆ 10,800 ಸುತ್ತಿನಲ್ಲಿ 25 ಅಶ್ವಶಕ್ತಿಯನ್ನು ಕೊಟ್ಟಿತು. ಲೀಟರಿಗೆ 200 ಅಶ್ವಶಕ್ತಿ ಎಂಬ ಈ ಮಟ್ಟವನ್ನು ಹೊರಗಿನ ಗಾಳಿಪಂಪಿನ ನೆರವಿಲ್ಲದೆ ಮುಟ್ಟಿದ ಮೊದಲ ಎಂಜಿನ್ನು ಅದೆಂದು ಪ್ರಸಿದ್ಧವಾಗಿದೆ. ಸೆಕೆಂಡಿಗೆ 180 ಬಾರಿ ತೆರೆದು ಮುಚ್ಚುವ ಕಿಂಡಿಗೆ ಅಷ್ಟೇ ಬಾರಿ ತಪ್ಪದೆ ಮರಳಿ ಬರುವ ಅಲೆಯೇ ಅದರ ಬಲ.

ಆದರೆ ಈ ಸಾಧನೆಯ ಫಲವನ್ನುಂಡವರು ಬೇರೆಯವರು. 1961ರ ಸೆಪ್ಟೆಂಬರ್ 17ರಂದು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ನಡೆದ ಪಂದ್ಯದಲ್ಲಿ ಎಂ.ಜೆಡ್. ಸವಾರ ಎರ್ನ್ಸ್ಟ್ ಡೆಗ್ನರ್ ಅವರಿಗೆ 125 ದರ್ಜೆಯ ವಿಶ್ವವಿಜೇತ ಪದವಿ ಕೈಗೆಟುಕುವಂತಿತ್ತು. ಎಂಜಿನ್ನು ಕೈಕೊಟ್ಟು ಅವರು ಪಂದ್ಯವನ್ನು ಮುಗಿಸಲಾಗಲಿಲ್ಲ. ಬರ್ಲಿನ್ ಗೋಡೆ ಎದ್ದು ತಿಂಗಳು ಕಳೆದಿತ್ತಷ್ಟೆ. ಅವರ ಪತ್ನಿ, ಮಕ್ಕಳನ್ನು ಆ ದಿನಗಳಲ್ಲೇ ಗುಟ್ಟಾಗಿ ಕಾರಿನಲ್ಲಿ ಪಶ್ಚಿಮಕ್ಕೆ ಸಾಗಿಸಲಾಗಿತ್ತು. ಡೆಗ್ನರ್ ತಾವೂ ತಾಯ್ನಾಡಿಗೆ ಮರಳಲಿಲ್ಲ. ಎಂ.ಜೆಡ್.ನ ವಿದ್ಯೆಯನ್ನು ಅರಿತಿದ್ದ ಅವರು ಜಪಾನಿನ ಸುಜುಕಿ ಸಂಸ್ಥೆಯನ್ನು ಸೇರಿ, 1962ರಲ್ಲಿ ಆ ಸಂಸ್ಥೆಯ 50 ಘನ ಸೆಂ.ಮೀ. ವಾಹನವನ್ನೇರಿ ವಿಶ್ವವಿಜೇತರಾದರು. ಎರಡು ಹೊಡೆತದ ಎಂಜಿನ್ನಿಗೆ ದೊರೆತ ಮೊದಲ ವಿಶ್ವಪದವಿ ಅದು. 1964ರಲ್ಲಿ ಯಮಾಹಾ 250 ದರ್ಜೆಯನ್ನೂ, 1975ರಲ್ಲಿ ಅತ್ಯುನ್ನತವಾದ 500 ದರ್ಜೆಯನ್ನೂ ಗೆದ್ದಿತು. ಅಲ್ಲಿಂದ 2001ರವರೆಗೆ 500 ದರ್ಜೆಯ ಪ್ರತಿಯೊಂದು ಪದವಿಯೂ ಎರಡು ಹೊಡೆತದ ಎಂಜಿನ್ನಿಗೇ ಸಂದಿತು. ಇಷ್ಟೆಲ್ಲದರ ಮೂಲವಾದ ಚೋಪಾವ್ ಕಾರ್ಖಾನೆಗೆ ಮಾತ್ರ ವಿಶ್ವಪದವಿ ಎಂದೂ ದೊರೆಯಲಿಲ್ಲ. ಕಾಡೆನ್ ಅವರು ತಮ್ಮ ಊರನ್ನು ಬಿಡದೆ ಅಲ್ಲಿಯೇ ಕೆಲಸ ಮುಂದುವರಿಸಿ, 1996ರಲ್ಲಿ ನಿಧನರಾದರು. ಇಂದು ಯಾವ ದೇಶದಲ್ಲಿ ಎರಡು ಹೊಡೆತದ ಪಂದ್ಯದ ಎಂಜಿನ್ನಿಗೆ ಕೊಳವೆ ಬಗ್ಗಿಸಿದರೂ ಆ ಕೊಳವೆಯ ಆಕಾರದಲ್ಲಿ ಅವರ ಲೆಕ್ಕ ಉಳಿದಿದೆ.

ಕನ್ನಡ ನಾಡಿನ ಸಂಬಂಧ

ಎರಡು ಹೊಡೆತದ ಎಂಜಿನ್ನು ಕರ್ನಾಟಕದ ಜನಜೀವನದಲ್ಲಿಯೂ ದೀರ್ಘಕಾಲ ಬೆರೆತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಿಂದ 1961ರಲ್ಲಿ ಮೋಟಾರು ಸೈಕಲ್ಲುಗಳ ತಯಾರಿಕೆಯನ್ನು ಆರಂಭಿಸಿ, ಮುಂದೆ ಯೆಜ್ದಿ ಎಂಬ ಹೆಸರಿನಿಂದ ಅವನ್ನು ನಾಡಿನಾದ್ಯಂತ ಪ್ರಸಿದ್ಧಗೊಳಿಸಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅಲ್ಲಿ ತಯಾರಾದ 250 ದರ್ಜೆಯ ಜಾವಾ ಎಂಜಿನ್ನು 65 ಮಿ.ಮೀ. ವ್ಯಾಸ, 75 ಮಿ.ಮೀ. ಹೊಡೆತದ್ದು, ಸಿಲಿಂಡರು ಒಂದೇ ಆದರೂ ಹೊಗೆಕೊಳವೆಗಳು ಎರಡು. ಅದರ ಶಕ್ತಿ 5000 ಸುತ್ತಿಗಿಂತ ಕೆಳಗೇ ಪರಮಾವಧಿಯನ್ನು ಮುಟ್ಟುತ್ತಿತ್ತು. ಚೋಪಾವ್‌ನ 125ಕ್ಕೆ ಹೋಲಿಸಿದರೆ ಗಾತ್ರ ಇಮ್ಮಡಿಯಾಗಿಯೂ ಶಕ್ತಿ ಅರ್ಧದಷ್ಟು ಮಾತ್ರ. ಆದರೆ ಇದನ್ನು ಕೊರತೆಯೆಂದು ತಿಳಿಯುವುದು ತಪ್ಪು. ಇಬ್ಬರನ್ನೂ ಒಂದು ಚೀಲ ಕಾಳನ್ನೂ ಹೊತ್ತು ಏರು ಹತ್ತಬೇಕಾದ ವಾಹನಕ್ಕೆ ಕೆಳವೇಗದ ಎಳೆತ ಮುಖ್ಯ. ಅದಕ್ಕೆ ತಗ್ಗು ಕಿಂಡಿ, ಉದ್ದ ಕೊಳವೆ, ನಿಧಾನದ ಉಸಿರು ಬೇಕು. ಕಿಂಡಿ ಮತ್ತು ಕೊಳವೆಗಳ ಹೊಂದಾಣಿಕೆಯೆಂದರೆ ಶಕ್ತಿಯನ್ನು ಏರಿಸುವುದಷ್ಟೇ ಎಂದು ಭಾವಿಸಬಾರದು. ಮಾಡಬೇಕಾದ ಕೆಲಸಕ್ಕೆ ತಕ್ಕ ವೇಗದಲ್ಲಿ ಶಕ್ತಿಯನ್ನು ಒದಗಿಸುವುದೇ ಹೊಂದಾಣಿಕೆ.

ಹಳೆಯ ಎರಡು ಹೊಡೆತದ ವಾಹನಗಳ ಸೈಲೆನ್ಸರನ್ನು ಕತ್ತರಿಸಿ ಒಳಗಿನ ತಡೆಗಳನ್ನು ಕಿತ್ತೆಸೆದರೆ ವೇಗ ಹೆಚ್ಚುವುದೆಂಬ ನಂಬಿಕೆ ಯುವಕರಲ್ಲಿ ಈಗಲೂ ಇದೆ. ಹೆಚ್ಚುವುದು ಬಹುತೇಕ ಸದ್ದು ಮಾತ್ರ. ಮರಳಿ ಬರಬೇಕಾದ ಅಲೆಗೆ ತಿರುಗುವ ಸ್ಥಳವೇ ಇಲ್ಲದಾಗಿ ನಡುವೇಗದ ಎಳೆತ ಕುಗ್ಗುತ್ತದೆ. ಮಿಶ್ರಣದ ಹದ ಕೆಟ್ಟು ಪೆಟ್ರೋಲು ಸಾಲದಾದರೆ ಪಿಸ್ಟನ್ನು ಕಾದು ಹಿಡಿದುಕೊಳ್ಳುತ್ತದೆ. ಓಡುವ ವಾಹನದ ಚಕ್ರ ಹಠಾತ್ತನೆ ಹಿಡಿದುಕೊಂಡರೆ ಸವಾರನ ಪ್ರಾಣಕ್ಕೇ ಅಪಾಯ. ಲೆಕ್ಕ ತಿಳಿಯದೆ ಮಾಡಿದ ತಿದ್ದುಪಾಟಿಗೆ ತೆರುವ ದಂಡ ಬರಿಯ ಹಣದ್ದಲ್ಲ. ನೋಂದಣಿಯಾದ ವಾಹನದ ಮೂಲರಚನೆಯನ್ನು ಮನಬಂದಂತೆ ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ ನಿಷೇಧವೂ ಇದೆ.

ಗೆದ್ದ ಎಂಜಿನ್ನು ಹಿಂದೆ ಸರಿದುದೇಕೆ?

ಇಷ್ಟು ಪ್ರಬಲವಾದ ಎಂಜಿನ್ನು ರಸ್ತೆಯಿಂದ ಮರೆಯಾದುದಕ್ಕೆ ಕಾರಣ ಅದರ ಹುಟ್ಟುದೋಷವೇ. ಅಲೆಯೆಂಬ ಕವಾಟವು ತನಗೆ ಹೊಂದಿದ ವೇಗದಲ್ಲಿ ಮಾತ್ರ ಬಾಗಿಲು ಕಾಯುತ್ತದೆ. ಊರೊಳಗೆ ನಿಂತು, ನಿಧಾನಿಸಿ, ಮತ್ತೆ ಹೊರಡುವ ವಾಹನ ಆ ವೇಗದಲ್ಲಿರುವ ಕಾಲ ಸ್ವಲ್ಪ. ಉಳಿದ ಕಾಲದಲ್ಲೆಲ್ಲ ಮಿಶ್ರಣ ಸೋರುತ್ತದೆ. ಕಾರ್ಬ್ಯುರೇಟರುಳ್ಳ ಸಾಧಾರಣ ಎಂಜಿನ್ನಿನಲ್ಲಿ ಕಾಲುಭಾಗಕ್ಕೂ ಮಿಕ್ಕಿ ಹೀಗೆ ನಷ್ಟವಾಗುವ ಸಂದರ್ಭಗಳಿವೆ. ಕ್ರ್ಯಾಂಕ್ ಪೆಟ್ಟಿಗೆಯ ಮೂಲಕವೇ ಮಿಶ್ರಣ ಹಾಯುವುದರಿಂದ ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರೆಸಬೇಕು. ಅದು ನೀಲಿ ಹೊಗೆಯಾಗಿ ಹೊರಬರುತ್ತದೆ. ಬಳಸುವವನ ಜೇಬಿಗೆ ಹೊರೆಯಾದ ಈ ಸೋರುವಿಕೆ ಉಸಿರಾಡುವ ಸರ್ವರ ಮೇಲೂ ಹೊರೆಯಾಯಿತು.

ಎಂಜಿನಿಯರರು ಸುಮ್ಮನೆ ಕುಳಿತಿರಲಿಲ್ಲ. 1970ರ ದಶಕದ ಕಡೆಯಲ್ಲಿ ಯಮಾಹಾ ತನ್ನ ಪಂದ್ಯದ ವಾಹನಗಳಲ್ಲಿ ನಿಷ್ಕಾಸ ಕಿಂಡಿಯ ಮೇಲಂಚನ್ನೇ ವೇಗಕ್ಕೆ ತಕ್ಕಂತೆ ಏರಿಳಿಸುವ ತಿರುಗುಗುಂಡನ್ನು ಅಳವಡಿಸಿತು. ಒಂದೇ ಎಂಜಿನ್ನಿಗೆ ತಗ್ಗು ಕಿಂಡಿಯ ಗುಣವೂ ಎತ್ತರದ ಕಿಂಡಿಯ ಗುಣವೂ ಒದಗಿದವು. ಆದರೂ ಭಾರತದಲ್ಲಿ 1990ರ ದಶಕದಿಂದ ಹಂತಹಂತವಾಗಿ ಬಿಗಿಗೊಂಡ ಹೊಗೆನಿಯಮಗಳ ಮುಂದೆ ಎರಡು ಹೊಡೆತದ ಸಾಮಾನ್ಯ ವಾಹನಗಳು ನಿಲ್ಲಲಾರದೆ ಹೋದವು. ಪಂದ್ಯದ ರಂಗದಲ್ಲಿಯೂ 2002ರಿಂದ ಉನ್ನತ ದರ್ಜೆ ನಾಲ್ಕು ಹೊಡೆತದ ಎಂಜಿನ್ನಿನತ್ತ ತಿರುಗಿತು; 2011ರಲ್ಲಿ 125 ದರ್ಜೆಯೊಡನೆ ಎರಡು ಹೊಡೆತದ ಯುಗ ಅಲ್ಲಿ ಮುಕ್ತಾಯವಾಯಿತು.

ಆದರೂ ಈ ಎಂಜಿನ್ನು ಅಳಿದಿಲ್ಲ. ಹಗುರತನ ಬೇಕಾದಲ್ಲಿ ಅದಿನ್ನೂ ದುಡಿಯುತ್ತಿದೆ. ತೋಟಗಳಲ್ಲಿ ಕಳೆ ಸವರುವ, ಮರ ಕೊಯ್ಯುವ, ಬೆನ್ನಿಗೆ ಹೊತ್ತು ಔಷಧ ಸಿಂಪಡಿಸುವ ಯಂತ್ರಗಳಲ್ಲಿ ಅನೇಕವು ಎರಡು ಹೊಡೆತದವೇ. ಕಲ್ಲುಮಣ್ಣಿನ ಹಾದಿಯ ಪಂದ್ಯಗಳಲ್ಲಿ ಓಡುವ ಹೊಸ ವಾಹನಗಳು ಪೆಟ್ರೋಲನ್ನು ಲೆಕ್ಕವಿಟ್ಟು ಚಿಮುಕಿಸುವ ಏರ್ಪಾಟಿನಿಂದ ಸೋರುವಿಕೆಯನ್ನು ತಗ್ಗಿಸಿಕೊಂಡಿವೆ.

ಶಾಲೆಗಳಿಗೆ ಒಂದು ಪಾಠ

ಎರಡು ಹೊಡೆತದ ಎಂಜಿನ್ನಿನಷ್ಟು ಕಡಮೆ ಬಿಡಿಭಾಗಗಳಲ್ಲಿ ಇಷ್ಟು ವಿಜ್ಞಾನವನ್ನು ಅಡಗಿಸಿಕೊಂಡ ಪಾಠೋಪಕರಣ ಮತ್ತೊಂದು ದೊರೆಯುವುದು ವಿರಳ. ಗುಜರಿಯ ಪಾಲಾದ ಒಂದು ಎಂಜಿನ್ನು, ಕ್ರ್ಯಾಂಕಿಗೆ ಸಿಕ್ಕಿಸಲು 360 ಡಿಗ್ರಿ ಗುರುತಿಸಿದ ಒಂದು ರಟ್ಟಿನ ಚಕ್ರ, ಒಂದು ಅಳತೆಪಟ್ಟಿ ಇಷ್ಟಿದ್ದರೆ ಪ್ರೌಢಶಾಲೆಯ ವಿದ್ಯಾರ್ಥಿಗಳು ಪಿಸ್ಟನ್ನನ್ನು ಕೈಯಿಂದ ಸರಿಸುತ್ತ ಯಾವ ಡಿಗ್ರಿಗೆ ಯಾವ ಕಿಂಡಿ ತೆರೆಯುವುದೆಂದು ಬರೆದುಕೊಳ್ಳಬಹುದು. ತ್ರಿಕೋನಮಿತಿಯ ಸೂತ್ರದಿಂದ ಪಿಸ್ಟನ್ನಿನ ಸ್ಥಾನವನ್ನು ಲೆಕ್ಕಹಾಕಿ, ತಾವು ಅಳೆದುದರೊಡನೆ ಹೋಲಿಸಬಹುದು. ಕೊಳವೆಯ ಉದ್ದವನ್ನು ಮೇಲಿನ ಸೂತ್ರದಿಂದ ಪಡೆದು, ಎಂಜಿನ್ನಿನ ಹಳೆಯ ಕೊಳವೆ ಯಾವ ವೇಗಕ್ಕೆ ಹೊಂದುವುದೆಂದು ಊಹಿಸಬಹುದು. ಗಣಿತ, ಶಬ್ದಶಾಸ್ತ್ರ, ಶಾಖಶಾಸ್ತ್ರಗಳು ಒಂದೇ ಮೇಜಿನ ಮೇಲೆ ಕೂಡುವ ಪಾಠವಿದು. ಕಾರ್ಯಾಗಾರ ನಡೆಸುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬರು ಮೂಲೆಗೆಸೆದ ಒಂದು ಸಿಲಿಂಡರನ್ನು ಉದ್ದಕ್ಕೆ ಸೀಳಿಸಿ ತಮ್ಮ ಶಾಲೆಗೆ ಕೊಟ್ಟರೆ ಅದು ಸಣ್ಣ ಕಾಣಿಕೆಯೇನೂ ಅಲ್ಲ.

ಈ ಎಂಜಿನ್ನಿನಿಂದ ಕಲಿಯುವವರು ಅರಿಯಬೇಕಾದ ಮಾತು ಇಷ್ಟು: ಕಿಂಡಿಯ ಎತ್ತರ ಕೊಳವೆಯ ಉದ್ದವನ್ನು ಕೇಳುತ್ತದೆ, ಕೊಳವೆಯ ಉದ್ದ ಎಂಜಿನ್ನಿನ ವೇಗವನ್ನು ಕೇಳುತ್ತದೆ, ವೇಗವು ಮಾಡಬೇಕಾದ ಕೆಲಸವನ್ನು ಕೇಳುತ್ತದೆ. ಆದ್ದರಿಂದ ಕೆಲಸ ಯಾವುದೆಂಬುದನ್ನು ಮೊದಲು ನಿಶ್ಚಯಿಸಿ, ಅಳೆದು, ಲೆಕ್ಕಹಾಕಿ, ಕಟ್ಟಕಡೆಗೆ ಅರವನ್ನು ಕೈಗೆತ್ತಿಕೊಳ್ಳುವುದು ಕ್ರಮ.